‘ಸೆಟ್’ ಅನ್ನೋ ಪದದ ನೂರೆಂಟು ಅರ್ಥ: ಮಕ್ಕಳಿಗೆ ಹೆಂಗೆ ಕಲಿಸಿದ್ರಿ?

ಕೇಳಿದವರು (ನಿಟ್ಟುವಳ್ಳಿ, ದಾವಣಗೆರೆ): ಮಗಳು ಕನ್ನಡ ಮಾಧ್ಯಮ ಮುಗಿಸಿ ಪಿಯು ಸೈನ್ಸ್ ಸೇರಿದಾಳೆ. ಗಣಿತದ ಮೊದಲ ಪಾಠವೇ ‘ಸೆಟ್ಸ್’, ಅಂದ್ರೆ ಗಣಗಳು. ಇಂಗ್ಲಿಷ್‌ನಲ್ಲಿ ಸೂರ್ಯ ‘ಸೆಟ್’ ಆಗ್ತಾನೆ, ಲ್ಯಾಬಲ್ಲಿ ‘ಸೆಟ್ ಅಪ್’. ಅತ್ತುಬಿಟ್ಟಳು. ಡಿಕ್ಷನರಿ ಕೊಡಿಸಲಾ, ಕೋಚಿಂಗಿಗೆ ಹಾಕಲಾ?

ಪಿ.ಜೆ. ಬಡಾವಣೆಯಿಂದ: ಕೋಚಿಂಗ್ ಸುದ್ದಿ ಎತ್ತಬೇಡ್ರಿ ಅಕ್ಕಾ. ಮಗನಿಗೆ 6,000 ಫೀಸು, ಪುಸ್ತಕಕ್ಕೆ 850, ಜೆರಾಕ್ಸಿಗೆ 140, ಆಟೋ ಖರ್ಚು ಬೇರೆ. ಕೊಟ್ಟಿದ್ದು ಅರ್ಥಗಳ ಪಟ್ಟಿ, ಅಷ್ಟೇ. ಉರು ಹೊಡೆದ. ಪರೀಕ್ಷೆಯಲ್ಲಿ ‘ದಿ ರೇನ್ಸ್ ಸೆಟ್ ಇನ್’ ಬಂದ್ರೆ ‘ಮಳೆ ಒಳಗೆ ಇಟ್ಟಿತು’ ಅಂತ ಬರೆದು ಬಂದಾನೆ! ಮಳೆ ಹಿಡೀತು ಅಂತ ಮನೇಲಿ ದಿನಾ ಅಂತೀವಿ, ಅದನ್ನ ಒಬ್ಬರೂ ಹೇಳಿಕೊಡಲಿಲ್ಲ. ದುಡ್ಡು ವಾಪಸ್ ಕೇಳಿದ್ರೆ ರಸೀದಿ ತನ್ನಿ ಅಂದ್ರು. ರಸೀದಿ ಕೊಟ್ಟೇ ಇರಲಿಲ್ಲ.

ಚಿತ್ರದುರ್ಗ, ಸಿವಿಲ್ ಕಂಟ್ರಾಕ್ಟರ್: ನಾನೂ ಕನ್ನಡ ಶಾಲೆಯವನೇ. ಈ ಪದ ಕಲಿತಿದ್ದು ಸೈಟಿನಲ್ಲಿ, ಪೈಸೆ ಖರ್ಚಿಲ್ಲದೆ. ಒಪಿಸಿ, ಅಂದ್ರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್, ಸೆಟ್ ಆಗಲು ಶುರುವಾಗೋದು 30 ನಿಮಿಷದ ಒಳಗೆ ಆಗಬಾರದು, ಪೂರ್ತಿ ಸೆಟ್ ಆಗೋದು 600 ನಿಮಿಷ ದಾಟಬಾರದು. ಕಲಸಿದ ಮಾಲು ಬುಟ್ಟಿಯಲ್ಲೇ ಬಿಗಿದುಕೊಂಡಾಗ ಆಳುಗಳ ಕೂಲಿ, ಮರಳು, ಸಿಮೆಂಟ್ ಎಲ್ಲಾ ನನ್ನ ತಲೆ ಮೇಲೆ. ಅಲ್ಲಾಡೋದು ಒಂದು ಕಡೆ ನೆಲೆ ನಿಲ್ಲೋದೇ ‘ಸೆಟ್’. ಜೆಲ್ಲಿ, ಮುರಿದ ಮೂಳೆ, ಬೆಲೆ, ತಾರೀಖು ಎಲ್ಲಕ್ಕೂ ಅದೇ.

ದಾವಣಗೆರೆ, ವಕೀಲರ ಆಫೀಸಿನ ಟೈಪಿಸ್ಟ್: ಸರ್, ನಿಮ್ಮ ಸೂತ್ರ ಕೋರ್ಟಲ್ಲಿ ನಡೆಯಲ್ಲ. ‘ಸೆಟ್ ಅಸೈಡ್’ ಅಂದ್ರೆ ಆದೇಶ ರದ್ದು. ‘ಸೆಟ್ ಆಫ್’ ಅಂದ್ರೆ ವಿಚಾರಣೆ ಕಾಲದಲ್ಲಿ ಜೈಲಲ್ಲಿದ್ದ ದಿನಗಳನ್ನ ಶಿಕ್ಷೆಯಲ್ಲಿ ವಜಾ ಮಾಡೋದು. ಎಲ್ಲಿ ನೆಲೆ ನಿಂತಿತು? 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ 20 ಸಂಪುಟಗಳಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಇದೇ ಪದದ್ದು. ಒಂದು ಸೂತ್ರಕ್ಕೆ ಸಿಗೋ ಪದಕ್ಕೆ ಅಷ್ಟು ಪುಟ ಯಾಕೆ ಬೇಕಿತ್ತು? ನಾನು ಸಂಬಳದಲ್ಲಿ ಉಳಿಸಿ ಕೊಂಡ ಡಿಕ್ಷನರಿ ಈಗಲೂ ಮೇಜಿನ ಮೇಲಿದೆ, ಬೈಂಡ್ ಕಿತ್ತು ದಾರದಲ್ಲಿ ಕಟ್ಟೀನಿ.

ಕಂಟ್ರಾಕ್ಟರ್: ಮೇಡಂ, ನೀವು ಆಫು, ಅಸೈಡು ಅಂಟಿಸಿಕೊಂಡು ಬಂದ್ರಿ. ನಾನು ಹೇಳಿದ್ದು ಬರೀ ‘ಸೆಟ್’.

ಹಿರಿಯೂರು, ನಿವೃತ್ತ ಶಿಕ್ಷಕ: ಮೊದಲು ಭೂತಕಾಲ ಕಲಿಸ್ರಪ್ಪ. ಸೆಟ್, ಸೆಟ್, ಸೆಟ್, ಮೂರೂ ಒಂದೇ. ‘ಸೆಟ್ಟೆಡ್’ ಅಂತ ಬರೆಯೋ ಮಕ್ಕಳೇ ಜಾಸ್ತಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ಕಷ್ಟವೇ.

ಟೈಪಿಸ್ಟ್: ಮಾಧ್ಯಮದ ಮಾತು ಯಾಕೆ ಬಂತು ಸರ್? ನಾನು ಹತ್ತನೇ ತರಗತಿವರೆಗೂ ಕನ್ನಡದಲ್ಲೇ ಓದಿದವಳು. ನನ್ನ ಡ್ರಾಫ್ಟಲ್ಲಿ ಒಂದು ‘ಸೆಟ್ಟೆಡ್’ ತೋರಿಸ್ರಿ ನೋಡೋಣ.