ಪರದೆಯ ಮೇಲೆ ಬಲೂನು ಏರುತ್ತದೆ, ಆದರೆ ಮಗಳ ‘ಬಸ್ಸು’ ಇನ್ನೂ ‘ಪಸ್ಸು’

ಪ್ರಶ್ನೆ (ತಾಯಿ)
ನನ್ನ ಮಗಳಿಗೆ ಐದು ವರ್ಷ; ಎರಡೂ ಕಿವಿಗಳಿಗೆ ಶ್ರವಣಸಾಧನ ಹಾಕಿಸಿ ಎರಡು ವರ್ಷವಾಯಿತು. ದನಿ ಜೋರಾದಂತೆ ಪರದೆಯ ಮೇಲೆ ಬಲೂನು ಏರುವ ತಂತ್ರಾಂಶವೊಂದನ್ನು ಅವಳು ದಿನವೂ ಖುಷಿಯಿಂದ ಬಳಸುತ್ತಾಳೆ. ಆದರೂ ‘ಬಸ್ಸು’ ಎನ್ನಲು ಹೇಳಿದರೆ ‘ಪಸ್ಸು’ ಎಂದೇ ಹೇಳುತ್ತಾಳೆ. ನನ್ನ ತುಟಿಯನ್ನು ಎಷ್ಟು ತೋರಿಸಿದರೂ ಪ್ರಯೋಜನವಾಗಿಲ್ಲ. ಕಣ್ಣಿಗೆ ಕಾಣುವಂತೆ ಇದನ್ನು ಕಲಿಸಲು ಬೇರೆ ದಾರಿ ಇದೆಯೇ?

ಉತ್ತರ (ವಾಕ್ ಚಿಕಿತ್ಸಕಿ)
ದಯವಿಟ್ಟು ಇದನ್ನು ಮಗುವಿನ ತಪ್ಪೆಂದು ಭಾವಿಸಬೇಡಿ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ವ್ಯತ್ಯಾಸವಿರುವುದು ಗಂಟಲು ಮತ್ತು ಮೂಗಿನಲ್ಲಿ. ನಿಮ್ಮ ಬಲೂನು ದನಿಯ ಜೋರನ್ನಷ್ಟೇ ಅಳೆಯುವುದರಿಂದ ‘ಪಸ್ಸು’ ಎಂದು ಕೂಗಿದರೂ ಅದು ಏರುತ್ತದೆ, ಮಗುವೂ ತಾನು ಹೇಳಿದ್ದೇ ಸರಿ ಎಂದುಕೊಳ್ಳುತ್ತದೆ.

ಕನ್ನಡದ ‘ಬ’ಕಾರದಲ್ಲಿ ತುಟಿ ಬಿಚ್ಚುವ ಮೊದಲೇ ಧ್ವನಿತಂತುಗಳು ಕಂಪಿಸುತ್ತವೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ದನಿಯನ್ನು ಚಿತ್ರವಾಗಿ ತೋರಿಸುವ, ಉಚಿತವಾಗಿ ಸಿಗುವ ‘ಪ್ರಾಟ್’ ತಂತ್ರಾಂಶದಲ್ಲಿ ‘ಅಬ’, ‘ಅಪ’ ಎಂದು ಧ್ವನಿಮುದ್ರಿಸಿ ನೋಡಿದರೆ, ತುಟಿ ಮುಚ್ಚಿರುವ ಹೊತ್ತಿನಲ್ಲಿ ‘ಬ’ಕಾರಕ್ಕೆ ಚಿತ್ರದ ತಳದಲ್ಲಿ ಕಪ್ಪು ಪಟ್ಟಿಯೊಂದು ಕಾಣುತ್ತದೆ, ‘ಪ’ಕಾರಕ್ಕೆ ಆ ಜಾಗ ಖಾಲಿಯಾಗಿರುತ್ತದೆ. ಉಳಿದ ಗೆರೆಗಳನ್ನು ಮಗುವಿಗೆ ವಿವರಿಸಬೇಕಿಲ್ಲ, ಆ ಪಟ್ಟಿ ಬರಲಿ ಎಂದರೆ ಸಾಕು.

ಅದಕ್ಕೂ ಮೊದಲು, ಮಗಳ ಕೈಯನ್ನು ನಿಮ್ಮ ಗಂಟಲಿನ ಮೇಲಿಟ್ಟು ‘ಮ್…’ ಎಂದು ಎಳೆಯಿರಿ. ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದರೆ ಅದು ಮಸುಕಾಗುವುದನ್ನು ಅವಳೇ ನೋಡುತ್ತಾಳೆ. ಅವಳೂ ಹಾಗೆ ಎಳೆಯತೊಡಗಿದಾಗ ಮೂಗನ್ನು ಮೆಲ್ಲಗೆ ಹಿಡಿದು ತುಟಿ ಬಿಡಿಸಲು ಹೇಳಿ. ಬಹಳಷ್ಟು ಸಲ ‘ಬ’ ತಾನಾಗಿ ಹೊರಡುತ್ತದೆ.

ಉತ್ತರ (ಇನ್ನೊಂದು ಮಗುವಿನ ತಂದೆ)
ನಮ್ಮ ಮಗ ಪರದೆಯ ಮುಂದೆ ಸ್ಪಷ್ಟವಾಗಿ ಹೇಳಿ, ಊಟಕ್ಕೆ ಕುಳಿತಾಗ ಮತ್ತೆ ಹಳೆಯ ಉಚ್ಚಾರಕ್ಕೇ ಮರಳುತ್ತಿದ್ದ. ಆಮೇಲೆ ನಾವು ಲ್ಯಾಪ್‌ಟಾಪನ್ನು ನಮ್ಮ ಕಡೆಗೆ ತಿರುಗಿಸಿಕೊಂಡೆವು. ಅವನು ಮೊದಲು ಹೇಳಬೇಕು, ಸರಿಯೋ ತಪ್ಪೋ ಎಂದು ತಾನೇ ತೀರ್ಮಾನಿಸಬೇಕು, ಅನಂತರವೇ ಚಿತ್ರ ನೋಡಬೇಕು. ಚಿತ್ರದ ಆಸರೆ ಕಡಿಮೆಯಾದಂತೆ ಕಿವಿಯ ಕೆಲಸ ಹೆಚ್ಚಿತು. ಪ್ರತಿದಿನ ಬೆಳಿಗ್ಗೆ ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ನಮ್ಮ ಬಾಯಿ ಕಾಣದಂತೆ ಹೇಳಿ ಸಾಧನವನ್ನೂ ಪರೀಕ್ಷಿಸುತ್ತೇವೆ. ಸಾಧನವೇ ಸರಿಯಿಲ್ಲದ ದಿನ ಅಭ್ಯಾಸ ಮಾಡಿಸಿ ಮಗುವನ್ನು ದಣಿಸಬೇಡಿ.

ಪ್ರಶ್ನೆ ಕೇಳಿದವರು
ನಿನ್ನೆ ಸಂಜೆ ಕನ್ನಡಿ ಹಿಡಿದು ಪ್ರಯತ್ನಿಸಿದೆವು. ಮೂಗು ಹಿಡಿದಾಗ ಎರಡು ಸಲ ‘ಬ’ ಬಂತು, ಬಿಟ್ಟ ಕೂಡಲೇ ‘ಮ’ ಆಯಿತು. ‘ಪ’ ಮಾತ್ರ ಒಮ್ಮೆಯೂ ಬರಲಿಲ್ಲ.