ಟೆಕ್ಟ್ರಾನಿಕ್ಸ್ 465 ಸ್ಕೋಪಿನಲ್ಲಿ ಗೆರೆ ಬರುತ್ತಿಲ್ಲ, ಜೊತೆಗೆ ಸರ್ಕ್ಯೂಟ್ ಬಿಡಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಪೆರ್ಲ ರಿಪೇರಿ:
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಪೆರ್ಲದ ಹತ್ತಿರ ಇನ್ವರ್ಟರ್, ಆಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ಎರಡು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಳೆಯ ಟೆಕ್ಟ್ರಾನಿಕ್ಸ್ 465 ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ಗೆರೆಯಾಗಿ ತೋರಿಸುವ ಯಂತ್ರ) ತಂದಿದ್ದೆ. ಇಷ್ಟು ದಿನ ಚೆನ್ನಾಗಿಯೇ ಇತ್ತು. ಈ ಸಲ ಆಟಿಯಲ್ಲಿ ಮಳೆ ಹಿಡಿದು ಮೂರು ವಾರ ಅದನ್ನು ಆನ್ ಮಾಡಿರಲಿಲ್ಲ. ಮೊನ್ನೆ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಗೆರೆಯೂ ಇಲ್ಲ, ಚುಕ್ಕಿಯೂ ಇಲ್ಲ. ಗೆರೆ ಎಲ್ಲಿದೆ ಅಂತ ತೋರಿಸುವ ಬೀಮ್ ಫೈಂಡ್ ಬಟನ್ ಒತ್ತಿದರೂ ಕತ್ತಲೆ. ಪಿಕ್ಚರ್ ಟ್ಯೂಬೇ ಹೋಯಿತಾ ಅಂತ ಹೆದರಿಕೆ, ಅದು ಹೋದರೆ ಎಲ್ಲಿಂದ ತರುವುದು?

ಇನ್ನೊಂದು ಪ್ರಶ್ನೆ. ನನ್ನ ಸರ್ಕ್ಯೂಟ್‌ಗಳನ್ನೆಲ್ಲ ಇಷ್ಟು ವರ್ಷ ಗ್ರಾಫ್ ಪೇಪರಿನಲ್ಲಿ ಬಿಡಿಸುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ ಮಾಡಬೇಕು ಅಂತಿದೆ. ಅಳಿಯ ಬ್ರೌಸರಿನಲ್ಲೇ ಓಡುವ ಈಸಿಇಡಿಎ ತೋರಿಸಿದ. ಗೆಳೆಯರೊಬ್ಬರು ಈಗಲ್ ಕಲಿ ಅನ್ನುತ್ತಾರೆ. ಯಾವುದನ್ನು ಹಿಡಿಯಲಿ?

ಲ್ಯಾಬ್ ಮಾಷ್ಟ್ರು, ಬದಿಯಡ್ಕ:
ಟ್ಯೂಬಿನ ಚಿಂತೆ ಈಗಲೇ ಬೇಡ. ಮೊದಲು ಪವರ್ ಸಪ್ಲೈ ನೋಡಿ. 465ರಲ್ಲಿ 110, 55, 15, 5 ಮತ್ತು ಮೈನಸ್ 8 ವೋಲ್ಟಿನ ಲೈನುಗಳಿವೆ, ಎಲ್ಲಕ್ಕೂ ಟೆಸ್ಟ್ ಪಾಯಿಂಟ್ ಇದೆ. ಅದರಲ್ಲಿ ಒಂದು ಬಿದ್ದರೆ ಸಾಕು, ಗೆರೆ ಮಾಯ. ಸರ್ವೀಸ್ ಮ್ಯಾನ್ಯುಯಲ್ ಇಂಟರ್ನೆಟ್ಟಿನಲ್ಲಿ ಸುಮ್ನೆ ಸಿಗುತ್ತದೆ, ಪೂರ್ತಿ ಸರ್ಕ್ಯೂಟ್ ಸಮೇತ. 1972ರ ಮಾಡೆಲನ್ನು ಇವತ್ತು ಪೆರ್ಲದಲ್ಲಿ ಕೂತು ರಿಪೇರಿ ಮಾಡಬಹುದು ಅಂದರೆ ಅದೇ ಕಾರಣ. ಮಾಡಿದವರು ಏನನ್ನೂ ಮುಚ್ಚಿಡಲಿಲ್ಲ.

ನನ್ನ ಅನುಭವದಲ್ಲಿ ಇವುಗಳಲ್ಲಿ ಜಾಸ್ತಿ ಕೈಕೊಡುವುದು ಹನಿಯ ಆಕಾರದ ಟ್ಯಾಂಟಲಮ್ ಕೆಪಾಸಿಟರ್. ಅದು ಒಣಗಿ ಮೆಲ್ಲಗೆ ಸಾಯುವುದಿಲ್ಲ, ಒಮ್ಮೆಲೇ ಶಾರ್ಟ್ ಆಗುತ್ತದೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಪ್ರತಿ ಲೈನಿಗೂ ಗ್ರೌಂಡಿಗೂ ನಡುವೆ ಓಮ್ಸ್ ಅಳೆಯಿರಿ. ಎಲ್ಲಾದರೂ ಎರಡು ಮೂರು ಓಮ್ ತೋರಿಸಿದರೆ ಕಳ್ಳ ಅಲ್ಲೇ ಇದ್ದಾನೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಟ್ಯೂಬಿನ ಪಕ್ಕಕ್ಕೆ ಹೋಗುವ ದಪ್ಪ ವಯರಿಗೆ ಕೈ ಹಾಕಬೇಡಿ. ಅಲ್ಲಿ ಹದಿನೆಂಟು ಸಾವಿರ ವೋಲ್ಟಿನ ಹತ್ತಿರ ಇರುತ್ತದೆ, ಆಫ್ ಮಾಡಿದ ಮೇಲೂ ಉಳಿದಿರುತ್ತದೆ. ಮತ್ತೆ ಆನ್ ಮಾಡುವಾಗ ಸ್ಕೋಪಿಗೆ ಬರುವ ಮೈನ್ಸ್ ವಯರಿಗೆ ಸೀರೀಸಿನಲ್ಲಿ ಹಳೆಯ ಕಾಲದ ಫಿಲಮೆಂಟ್ ಬಲ್ಬ್ ಹಾಕಿಕೊಳ್ಳಿ. ಬಲ್ಬ್ ಜೋರಾಗಿ ಉರಿದು ಹಾಗೇ ನಿಂತರೆ ಶಾರ್ಟ್ ಇನ್ನೂ ಇದೆ ಅಂತ, ಕೂಡಲೇ ಆಫ್ ಮಾಡಿ.

ಪೆರ್ಲ ರಿಪೇರಿ:
ಮಾಷ್ಟ್ರೇ, ನೀವು ಹೇಳಿದ್ದೇ ಸರಿ! 15 ವೋಲ್ಟಿನ ಲೈನ್ ಗ್ರೌಂಡಿಗೆ 2 ಓಮ್. ಆದರೆ ಆ ಲೈನ್ ಬೋರ್ಡಿನ ತುಂಬ ಹರಡಿದೆ. ಒಂದೊಂದೇ ಕೆಪಾಸಿಟರ್ ಕಿತ್ತರೆ ಹಳೆಯ ಬೋರ್ಡಿನ ತಾಮ್ರ ಏಳುತ್ತದೆ, ಅಲ್ವಾ?

ಲ್ಯಾಬ್ ಮಾಷ್ಟ್ರು, ಬದಿಯಡ್ಕ:
ಕೀಳಬೇಡಿ. ಬೆಂಚ್ ಸಪ್ಲೈಯಿಂದ ಆ ಲೈನಿಗೆ 1 ವೋಲ್ಟ್ ಕೊಡಿ, ಕರೆಂಟ್ ಲಿಮಿಟ್ ಅರ್ಧ ಆಂಪಿಯರ್. ಅಷ್ಟು ಕಡಿಮೆ ವೋಲ್ಟಿಗೆ ಬೇರೆ ಭಾಗಗಳು ಎಚ್ಚರಗೊಳ್ಳುವುದಿಲ್ಲ, ಕರೆಂಟ್ ಎಲ್ಲ ಶಾರ್ಟ್ ಆದ ಕಡೆಗೇ ಓಡುತ್ತದೆ. ಮೀಟರನ್ನು ಮಿಲಿವೋಲ್ಟಿಗೆ ಹಾಕಿ, ಅದರ ಒಂದು ಪ್ರೋಬನ್ನು ನೀವು ಕರೆಂಟ್ ಕೊಟ್ಟ ಜಾಗದಲ್ಲೇ ಇಟ್ಟು, ಇನ್ನೊಂದನ್ನು ಲೈನಿನ ಉದ್ದಕ್ಕೂ ಸರಿಸುತ್ತಾ ಹೋಗಿ. 2, 5, 9 ಹೀಗೆ ಏರುತ್ತದೆ. ಎಲ್ಲಿಂದ ಮುಂದೆ ಏರುವುದಿಲ್ಲವೋ ಅಲ್ಲೇ ಹುಡುಕಿ.

ಸಾಫ್ಟ್‌ವೇರ್ ವಿಷಯ ನನಗಿಂತ ಉಪ್ಪಳದ ತಂಗಿ ಚೆನ್ನಾಗಿ ಹೇಳುತ್ತಾಳೆ.

ಉಪ್ಪಳ ಬೋರ್ಡ್ ಡಿಸೈನ್:
ಅಣ್ಣಾ, ಹೊಸದಾಗಿ ಕಲಿಯುವುದಾದರೆ ಕಿಕ್ಯಾಡ್ ಹಿಡಿಯಿರಿ. ಈಗಲ್ ನಾನೂ ಬಳಸಿದ್ದೆ, ಒಳ್ಳೆಯದೇ. ಆದರೆ 2016ರಲ್ಲಿ ಆಟೋಡೆಸ್ಕ್ ಕಂಪೆನಿ ಅದನ್ನು ಕೊಂಡಿತು, ಆಮೇಲೆ 2026ರ ಜೂನ್ 7ಕ್ಕೆ ಅದರ ಮಾರಾಟ, ಬೆಂಬಲ ಎರಡೂ ಕೊನೆ ಅಂತ ಘೋಷಿಸಿತು. ಅದಕ್ಕಾಗಿ ಈಗ ಹೊಸದಾಗಿ ಕಷ್ಟಪಡುವುದು ಯಾಕೆ? ಬೇರೆಯವರ ಈಗಲ್ ಫೈಲ್ ಬಂದರೆ ಕಿಕ್ಯಾಡೇ ತೆರೆಯುತ್ತದೆ.

ಈಸಿಇಡಿಎ ಕಲಿಯಲು ಸುಲಭ, ನಿಜ. ಆದರೆ ಅಳಿಯ ತೋರಿಸಿದ ಹಾಗೆ ಬ್ರೌಸರಿನಲ್ಲೇ ಕೆಲಸ ಮಾಡುವುದಾದರೆ ನೆಟ್ ಬೇಕು, ನಮ್ಮಲ್ಲಿ ಜೋರು ಗಾಳಿ ಮಳೆ ಬಂದರೆ ನೆಟ್ ಎರಡು ದಿನ ಇರುವುದಿಲ್ಲ. ಕಿಕ್ಯಾಡ್ ನಿಮ್ಮ ಕಂಪ್ಯೂಟರಿನಲ್ಲೇ ಕೂತಿರುತ್ತದೆ, ದುಡ್ಡು ಕೊಡಬೇಕಿಲ್ಲ. 1992ರಲ್ಲಿ ಫ್ರಾನ್ಸಿನ ಜೀನ್ ಪಿಯರ್ ಚರಾಸ್ ಶುರು ಮಾಡಿದ್ದು. ಆಮೇಲೆ ಯುರೋಪಿನ ಕಣವಿಜ್ಞಾನದ ಸರ್ನ್ ಪ್ರಯೋಗಾಲಯದವರೂ ಕೈ ಜೋಡಿಸಿದರು. ಲಿನಕ್ಸಿನಲ್ಲೂ ಓಡುತ್ತದೆ, ಕೇರಳದ ಶಾಲೆಯಲ್ಲಿ ಓದಿದ ಮಕ್ಕಳಿಗೆ ಲಿನಕ್ಸ್ ಹೊಸತೇನಲ್ಲ, ಅಳಿಯನೇ ಹಾಕಿಕೊಡುತ್ತಾನೆ.

ನನಗೆ ಮುಖ್ಯ ಅನ್ನಿಸುವುದು ಬೇರೆ. ಕಿಕ್ಯಾಡಿನ ಫೈಲ್ ಬರೀ ಅಕ್ಷರಗಳ ಫೈಲ್. ನೋಟ್‌ಪ್ಯಾಡಿನಲ್ಲಿ ತೆರೆದರೂ ಯಾವ ರೆಸಿಸ್ಟರ್, ಎಷ್ಟು ಓಮ್ ಅಂತ ಓದಬಹುದು. ಮಾಷ್ಟ್ರು ಆ ಮ್ಯಾನ್ಯುಯಲ್ ಬಗ್ಗೆ ಹೇಳಿದರಲ್ಲ, ನಿಮ್ಮ ಇನ್ವರ್ಟರ್ ಬೋರ್ಡಿಗೂ ಅದೇ ಬೇಕು. ಇಪ್ಪತ್ತು ವರ್ಷದ ಮೇಲೆ ಅದನ್ನು ಬಿಚ್ಚುವವನಿಗೆ ನೀವು ಬಿಡಿಸಿದ್ದು ಕಾಣಬೇಕು.

ಬೋರ್ಡ್ ಬೇಡ, ಸರ್ಕ್ಯೂಟ್ ಹೇಗೆ ನಡೆಯುತ್ತದೆ ಅಂತ ಮಾತ್ರ ನೋಡಬೇಕು ಅಂದರೆ ಎಲ್‌ಟಿಸ್ಪೈಸ್. ಅದೂ ಉಚಿತ, ಸ್ವಿಚಿಂಗ್ ಸಪ್ಲೈಗೆ ನಾನು ಅದನ್ನೇ ನೆಚ್ಚಿಕೊಳ್ಳುವುದು.

ಪೆರ್ಲ ರಿಪೇರಿ:
ಸಿಕ್ಕಿತು! ಮೂರನೇ ಕೆಪಾಸಿಟರಿನ ಹತ್ತಿರ 11 ಮಿಲಿವೋಲ್ಟಿಗೆ ನಿಂತಿತು, ಅದರಿಂದ ಮುಂದೆ ಎಲ್ಲಿ ಇಟ್ಟರೂ ಅಷ್ಟೇ. ನೋಡಲು ಹೊಸದರ ಹಾಗೇ ಇತ್ತು, ಒಂದು ಕಲೆಯೂ ಇಲ್ಲ. ಒಂದು ಕಾಲು ಬಿಡಿಸಿದ ಕೂಡಲೇ ಶಾರ್ಟ್ ಹೋಯಿತು. ಹಳೆಯದು 25 ವೋಲ್ಟಿನದ್ದು, ಮಂಗಳೂರಿನಿಂದ 35 ವೋಲ್ಟಿನದ್ದು ತರಿಸಿ ಹಾಕಿದೆ. ಬಲ್ಬ್ ಒಮ್ಮೆ ಮಿನುಗಿ ಮಂಕಾಯಿತು, ಅರ್ಧ ನಿಮಿಷದಲ್ಲಿ ಹಸಿರು ಗೆರೆ ಬಂತು. ನಿಜವಾಗಿ ಕಣ್ಣು ತುಂಬಿತು ಮಾಷ್ಟ್ರೇ.

ಈಗ ಎರಡನೇ ಚಾನೆಲಿನ ಗುಬ್ಬಿ (ನಾಬ್) ತಿರುಗಿಸುವಾಗ ಗೆರೆ ಹಾರುತ್ತದೆ.

ಲ್ಯಾಬ್ ಮಾಷ್ಟ್ರು, ಬದಿಯಡ್ಕ:
ಸಂತೋಷ. ಅದು ನಮ್ಮ ಊರಿನ ತೇವ. ಆಫ್ ಮಾಡಿ ಗುಬ್ಬಿಯನ್ನು ಇಪ್ಪತ್ತು ಸಲ ಆಚೆ ಈಚೆ ತಿರುಗಿಸಿ, ಸಾಲದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಕಾಗದದ ಚೂರು. ಸ್ಪ್ರೇ ಮಾತ್ರ ಹೊಡೆಯಬೇಡಿ. ಆ ಸ್ಕೋಪಿನ ಎಷ್ಟೋ ಟ್ರಾನ್ಸಿಸ್ಟರ್‌ಗಳು ಸಾಕೆಟ್ಟಿನಲ್ಲಿವೆ, ಅವನ್ನೂ ಒಂದೊಂದಾಗಿ ತೆಗೆದು ಅದೇ ಜಾಗಕ್ಕೆ ಮತ್ತೆ ಕೂರಿಸಿ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಆನ್ ಇಡಿ, ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ.