ಮಳೆಗಾಲದಲ್ಲಿ ಕಳಿಸಿದ ಕಫ ಕಲ್ಚರ್‌ನಲ್ಲಿ ಕೆಡ್ತಿದೆ, ತಪ್ಪು ಎಲ್ಲಿ?

ಮೂಡಿಗೆರೆ_ಲ್ಯಾಬ್:
ಕಾಫಿ ತೋಟದ ಲೈನ್ ಮನೆಗಳಿಂದ ಬರೋ ಟಿಬಿ ಸ್ಯಾಂಪಲ್‌ಗಳಲ್ಲಿ ಎರಡು ತೊಂದರೆ. ಟ್ರೂನ್ಯಾಟ್‌ನಲ್ಲಿ (ಟಿಬಿ ಡಿಎನ್‌ಎ ಹುಡುಕೋ ಚಿಕ್ಕ ಮೆಷಿನ್) ಪದೇ ಪದೇ 'ಇನ್‌ವ್ಯಾಲಿಡ್' (ಫಲಿತಾಂಶ ಹೇಳೋಕಾಗಲ್ಲ), ದೊಡ್ಡ ಲ್ಯಾಬ್‌ಗೆ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಕಳಿಸಿದ್ದಕ್ಕೆ 'ಕಂಟಾಮಿನೇಟೆಡ್' (ಬೇರೆ ಬ್ಯಾಕ್ಟೀರಿಯಾ ಬೆಳೆದು ಕೆಟ್ಟಿದೆ) ಅಂತ ಉತ್ತರ. ಡಬ್ಬಿಯಲ್ಲಿ 4–5 ಮಿ.ಲೀ. ಇದ್ದೇ ಇರುತ್ತೆ. ಮರ ಬಿದ್ದು ರಸ್ತೆ ಕಟ್ಟಿದ್ರೆ ಸ್ಯಾಂಪಲ್ ಒಂದೆರಡು ದಿನ ಇಲ್ಲೇ ಉಳಿಯುತ್ತೆ. ಇನ್ನೊಂದು ಪ್ರಶ್ನೆ: ಎರಡು ತಿಂಗಳು ಮಾತ್ರೆ ನುಂಗಿದವರದ್ದೂ ಟ್ರೂನ್ಯಾಟ್ ಪಾಸಿಟಿವ್ ಬಂದ್ರೆ ಔಷಧ ನಾಟ್ತಿಲ್ಲ ಅಂತಲೇ?

ಕಫ_ಕನ್ನಡಕ:
4–5 ಮಿ.ಲೀ. ಸರಿ, ಆದ್ರೆ ಕಫವೋ ಎಂಜಲೋ? ಡಬ್ಬಿನ ಬೆಳಕಿಗೆ ಹಿಡಿದು ಓರೆ ಮಾಡಿ. ಎಂಜಲಾದ್ರೆ ನೀರಿನ ಹಾಗೆ ಥಟ್ಟನೆ ಹರಿದು ಮೇಲೆ ನೊರೆ ನಿಲ್ಲುತ್ತೆ. ಕಫ ಗೋಡೆಗೆ ಅಂಟಿಕೊಂಡು ನಿಧಾನಕ್ಕೆ ಜಾರುತ್ತೆ.

ನಮ್ಮ ಕಡೆ ಎಲೆ-ಅಡಿಕೆ ದೊಡ್ಡ ಕಾಟ. ಕೆಂಪು ನೋಡಿ ರಕ್ತ ಅಂತ ಬರೆದುಬಿಡ್ತಾರೆ, ಅಡಿಕೆ ಚೂರು ಹಾಗೇ ಮೆಷಿನ್‌ವರೆಗೂ ಬರುತ್ತೆ. ಬೆಳಗ್ಗೆ ಕಾಫಿಗೂ ಮುಂಚೆ, ಕುಡಿಯೋ ನೀರಲ್ಲಿ ಎರಡು-ಮೂರು ಸಲ ಬಾಯಿ ಮುಕ್ಕಳಿಸಿ, ಅಂಗಳದಲ್ಲಿ ಬಯಲಿಗೆ ಕೂತು, ಎರಡು ಸಲ ಉಸಿರು ಎಳೆದು ಹಿಡಿದು ಬಿಟ್ಟು, ಮೂರನೇ ಸಲ ಹೊಟ್ಟೆಯಿಂದ ಕೆಮ್ಮಬೇಕು. ತೋಟದ ಕೆಲಸಕ್ಕೆ ಬಂದ ಅಸ್ಸಾಂ, ಜಾರ್ಖಂಡ್ ಕಡೆಯವರಿಗೆ ಕನ್ನಡದಲ್ಲಿ ಹೇಳಿದ್ರೆ ತಲೆ ಆಡಿಸ್ತಾರೆ ಅಷ್ಟೇ. ಮಾಡಿ ತೋರಿಸಿ.

ಒಂದು ಎಚ್ಚರಿಕೆ. ಮೈಕ್ರೋಸ್ಕೋಪ್‌ನ 10x ಲೆನ್ಸ್‌ನಲ್ಲಿ ಎಪಿಥೀಲಿಯಲ್ ಕೋಶ (ಬಾಯಿಯ ಒಳಪದರದ್ದು, ಎಂಜಲಿನ ಗುರುತು) 10ಕ್ಕಿಂತ ಕಡಿಮೆ, ಕೀವು ಕೋಶ 25ಕ್ಕಿಂತ ಹೆಚ್ಚು ಅನ್ನೋ ಅಳತೆ ಸಾಮಾನ್ಯ ನ್ಯುಮೋನಿಯಾ ಕಲ್ಚರ್‌ಗೆ. ಅದನ್ನೇ ಹಿಡಿದು ಟಿಬಿ ಸ್ಯಾಂಪಲ್ ಎಸೀಬೇಡಿ. ಎಂಜಲಿನಂತೆ ಕಂಡದ್ದರಲ್ಲೂ ಪಾಸಿಟಿವ್ ಸಿಗೋದುಂಟು. ಪರೀಕ್ಷೆಗೂ ಹಾಕಿ, ಹೊಸ ಸ್ಯಾಂಪಲ್ಲೂ ಕೇಳಿ.

ಹಾಸನ_ಮೈಕ್ರೋ:
ಟ್ರೂನ್ಯಾಟ್ ಇನ್‌ವ್ಯಾಲಿಡ್‌ಗೆ ಮೊದಲು ನೋಡಬೇಕಾದ್ದು ಕಫ ಕರಗಿದೆಯಾ ಅಂತ. ಲಿಕ್ವಿಫ್ಯಾಕ್ಷನ್ ಬಫರ್ (ಕಫ ಕರಗಿಸೋ ದ್ರವ) 2 ಹನಿ, 10 ನಿಮಿಷ. ಪಿಪೆಟ್‌ಗೆ ಇನ್ನೂ ಎಳೆ ಎಳೆಯಾಗಿ ಬಂದ್ರೆ ಮತ್ತೆ 5 ನಿಮಿಷ ಬಿಟ್ಟು, ಆಮೇಲೆ 0.5 ಮಿ.ಲೀ. ತಗೊಳ್ಳಿ. ಅವಸರಕ್ಕೆ ಗಟ್ಟಿ ಉಂಡೆ ಎಳೆದ್ರೆ ಡಿಎನ್‌ಎ ಬೇರ್ಪಡಿಸೋ ಕಾರ್ಟ್ರಿಜ್ ಕಟ್ಟಿಕೊಳ್ಳುತ್ತೆ. ಆಮೇಲೆ ಪರೀಕ್ಷೆಯ ಚಿಪ್‌ಗೆ 6 ಮೈಕ್ರೋಲೀಟರ್ ಬಿಡುವಾಗ ಗುಳ್ಳೆ ಬೀಳಬಾರದು. ರಕ್ತ ಜಾಸ್ತಿ ಇದ್ರೆ ಪಿಸಿಆರ್ (ಡಿಎನ್‌ಎ ಹೆಚ್ಚಿಸೋ ಕ್ರಿಯೆ) ನಡೆಯೋಕೇ ಬಿಡಲ್ಲ, ಹೊಸ ಕಫವೇ ಗತಿ.

ಕಲ್ಚರ್ ಕೆಡೋದು ಬಹುಪಾಲು ಆ ಒಂದೆರಡು ದಿನದಲ್ಲಿ. ಬಾಯಿಯ ಬ್ಯಾಕ್ಟೀರಿಯಾ ಗಂಟೆಗಳಲ್ಲಿ ದುಪ್ಪಟ್ಟಾಗುತ್ತವೆ, ಟಿಬಿಯದಕ್ಕೆ ಸುಮಾರು ಒಂದು ದಿನ ಬೇಕು. ಕಲ್ಚರ್ ಲ್ಯಾಬ್‌ನಲ್ಲಿ ಬೇರೆ ಬ್ಯಾಕ್ಟೀರಿಯಾ ಕೊಲ್ಲೋಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 15–20 ನಿಮಿಷ ಶುದ್ಧಿ ಮಾಡ್ತಾರೆ. ಆ ಬ್ಯಾಕ್ಟೀರಿಯಾ ಹೊರೆ ಹೆಚ್ಚಾದ್ರೆ ಅದು ಸಾಲದು, ಹೊತ್ತು ಹೆಚ್ಚಿಸಿದ್ರೆ ಟಿಬಿ ಬ್ಯಾಕ್ಟೀರಿಯಾನೂ ಸಾಯುತ್ತೆ. ಹಾಗಾಗಿ ಕಫ ಬಂದ ಕೂಡಲೇ 2–8 ಡಿಗ್ರಿ ಫ್ರಿಜ್‌ಗೆ (ಫ್ರೀಜರ್‌ಗಲ್ಲ). ಮಲೆನಾಡಲ್ಲಿ ಕರೆಂಟು ನಂಬೋ ಹಾಗಿಲ್ಲ, ಜೆಲ್ ಪ್ಯಾಕ್ ಹಾಕಿದ ಥರ್ಮೋಕೋಲ್ ಪೆಟ್ಟಿಗೆ ತಯಾರಿರಲಿ. ಫಾಲ್ಕನ್ ಟ್ಯೂಬ್ (ಕಫ ಕಳಿಸೋ ತಿರುಗಣೆ ಮುಚ್ಚಳದ ಪ್ಲಾಸ್ಟಿಕ್ ಕೊಳವೆ) ಮುಚ್ಚಳ ಅಡ್ಡ ತಿರುಗಿದ್ರೆ ದಾರಿಯಲ್ಲೇ ಸೋರುತ್ತೆ. ಹೆಸರು-ನಂಬರ್ ಟ್ಯೂಬ್ ಮೇಲೆ ಬರೀರಿ, ಮುಚ್ಚಳದ ಮೇಲಲ್ಲ. ದ್ರವ ಕಲ್ಚರ್‌ನಲ್ಲಿ 8–10% ಕೆಡೋದು ಸಹಜ, ಅದನ್ನ ದಾಟಿದ್ರೆ ಮಾತ್ರ ಹುಡುಕಾಟ. 3 ದಿನ ಮೀರೋದು ಖಚಿತವಾದ್ರೆ ಕಳಿಸಬೇಡಿ, ರಸ್ತೆ ತೆರೆದ ಮೇಲೆ ಹೊಸದು ತರಿಸಿ.

ಎದೆ_ಡಾಕ್ಟ್ರು:
ಎರಡನೇ ಪ್ರಶ್ನೆಗೆ: ಅಲ್ಲ. ಟ್ರೂನ್ಯಾಟ್, ಅದೇ ಬಗೆಯ ಸಿಬಿನ್ಯಾಟ್ ಹುಡುಕೋದು ಡಿಎನ್‌ಎ, ಸತ್ತ ಬ್ಯಾಕ್ಟೀರಿಯಾದ್ದೂ ತಿಂಗಳುಗಟ್ಟಲೆ ಸಿಗುತ್ತೆ. ಚಿಕಿತ್ಸೆ ನಡುವೆ ನೋಡಬೇಕಾದ್ದು ಸ್ಮಿಯರ್ (ಕಫ ಗಾಜಿಗೆ ಸವರಿ ಮೈಕ್ರೋಸ್ಕೋಪ್‌ನಲ್ಲಿ ನೋಡೋದು), ಅದು ಪಾಸಿಟಿವ್ ಬಂದ್ರೆ ಕಲ್ಚರ್ ಮತ್ತು ಔಷಧ ಸಂವೇದನೆ (ಯಾವ ಔಷಧ ನಾಟುತ್ತೆ ಅನ್ನೋ ಪರೀಕ್ಷೆ). ಆದ್ರೆ ಮೊದಲ ಪತ್ತೆಗೆ ಸ್ಮಿಯರ್ ಒಂದನ್ನೇ ನಂಬೋ ಹಾಗಿಲ್ಲ, ಮಿ.ಲೀ.ಗೆ 5,000–10,000 ಬ್ಯಾಕ್ಟೀರಿಯಾ ಇದ್ರೇನೇ ಅದು ಕಾಣೋದು.

ಕೇಳದಿದ್ರೂ ಹೇಳ್ತೀನಿ. ಎರಡು ವಾರ ದಾಟಿದ ಕೆಮ್ಮಿಗೆ ಮೆಡಿಕಲ್ ಶಾಪ್‌ನಲ್ಲಿ ಲೀವೋಫ್ಲಾಕ್ಸಾಸಿನ್ (ಒಂದು ಆ್ಯಂಟಿಬಯಾಟಿಕ್) ಕೊಡಿಸಿಕೊಂಡು ಬಂದಿರ್ತಾರೆ. ಅದು ಟಿಬಿಯನ್ನೂ ಅರ್ಧಂಬರ್ಧ ಅಡಗಿಸುತ್ತೆ, ಜ್ವರ ಇಳಿಯುತ್ತೆ, ಕಲ್ಚರ್ ಬೆಳೆಯಲ್ಲ. ಫಾರಂನಲ್ಲಿ ಹಿಂದಿನ ಮಾತ್ರೆಯ ಹೆಸರು ಬರೀರಿ. ಹೆಸರು ಗೊತ್ತಿಲ್ಲ ಅಂದ್ರೆ ಖಾಲಿ ಸ್ಟ್ರಿಪ್ ತರೋಕೆ ಹೇಳಿ.

ಮೂಡಿಗೆರೆ_ಲ್ಯಾಬ್:
ಒಂದೇ ಅನುಮಾನ ಉಳೀತು. ಕಫವೇ ಬರದ ಮಕ್ಕಳಿಗೆ?

ಎದೆ_ಡಾಕ್ಟ್ರು:
ಬೆಳಗ್ಗೆ ಖಾಲಿ ಹೊಟ್ಟೆಯ ಗ್ಯಾಸ್ಟ್ರಿಕ್ ಆಸ್ಪಿರೇಟ್ (ನಳಿಕೆ ಹಾಕಿ ಹೊಟ್ಟೆಯಿಂದ ಎಳೆದ ದ್ರವ). ನಿದ್ದೇಲಿ ನುಂಗಿದ ಕಫ ಅಲ್ಲಿರುತ್ತೆ. ಹೊಟ್ಟೆಯ ಆಮ್ಲಕ್ಕೆ ಬ್ಯಾಕ್ಟೀರಿಯಾ ಸಾಯೋದರಿಂದ ಕೂಡಲೇ ಲ್ಯಾಬ್‌ಗೆ ಮುಟ್ಟಿಸಿ. ತಡವಾಗೋ ಹಾಗಿದ್ರೆ ಸೋಡಿಯಂ ಬೈಕಾರ್ಬೊನೇಟ್ ಹಾಕಿ ಆಮ್ಲ ತಗ್ಗಿಸಿ ಇಡಿ.